ಅಕ್ಷರ ಓದುತ್ತೆ, ಬಣ್ಣ ಹೇಳಲ್ಲ

ಮೊದಲೇ ಹೇಳಿಬಿಡ್ತೀನಿ: ನನಗೆ ಕಣ್ಣು ಕಾಣಲ್ಲ, ಆದರೆ ಕಿವಿ ಚೆನ್ನಾಗಿ ಕೇಳುತ್ತೆ. ಇದನ್ನ ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಚನ್ನಗಿರಿಯಲ್ಲಿ ಅಕ್ಕನ ಮನೆಯಿಂದ ಅಡಿಕೆ ಮಂಡಿಗೆ ಹೋಗೋ ದಾರಿಯಲ್ಲಿ ದಿನಾ ಯಾರಾದರೂ ನನ್ನ ರಟ್ಟೆ ಹಿಡ್ಕೊಂಡು, ಕಿವಿ ಹತ್ರ ಬಾಯಿ ತಂದು, "ಎಲ್ಲಿಗೆ ಹೋಗ್ಬೇಕವ್ವಾ?" ಅಂತ ಕಿರುಚ್ತಾರೆ. ಕಿರುಚಿದರೆ ಕಾಣುತ್ತಾ? "ಕೆಲಸಕ್ಕೆ" ಅಂದರೆ ಇನ್ನೂ ಆಶ್ಚರ್ಯ. "ಕೆಲಸಕ್ಕಾ!" ಅಂತ ರಟ್ಟೆ ಇನ್ನಷ್ಟು ಗಟ್ಟಿಯಾಗಿ ಹಿಡೀತಾರೆ. ಬಿಡಿಸಿಕೊಂಡು ಹೋಗೋಷ್ಟರಲ್ಲಿ ಅರ್ಧ ಬೆಳಗಿನ ಸಹನೆ ಖಾಲಿಯಾಗಿರುತ್ತೆ.

ನಮ್ಮೂರು ನ್ಯಾಮತಿ. ಹೊನ್ನಾಳಿಯಲ್ಲಿ ಕಾಲೇಜು ಮುಗಿಸೋ ಹೊತ್ತಿಗೆ ದೃಷ್ಟಿ ಪೂರ್ತಿ ಹೋಗಿತ್ತು. ಒಂದೇ ಸಲ ಹೋಗಿದ್ದಲ್ಲ, ಅಂಚಿನಿಂದ ಶುರುವಾಗಿ ಬರ್ತಾ ಬರ್ತಾ ಮುಚ್ಚಿಕೊಂಡಿತು. ಹಂಗಾಗಿ ನನಗೆ ಬಣ್ಣ ಗೊತ್ತು. ಕೆಂಪು ಗೊತ್ತು, ಹಳದಿ ಗೊತ್ತು, ಅಮ್ಮನ ನೀಲಿ ಇಳಕಲ್ ಸೀರೆ ಗೊತ್ತು. "ಪಾಪ, ಇವಳಿಗೆ ಕೆಂಪು ಅಂದ್ರೆ ಏನಂತ ಹೆಂಗೆ ತಿಳಿಸೋದು" ಅಂತ ಯಾರಾದರೂ ಮರುಗಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಕೆಂಪನ್ನ ತಿಳಿಸೋದು ಬೇಡ, ಇಲ್ಲಿ ಕೆಂಪಿದೆ ಅಂತ ಹೇಳಿದರೆ ಸಾಕು. ಅದನ್ನ ಹೇಳೋರು ಯಾರೂ ಇರಲಿಲ್ಲ ಅನ್ನೋದೇ ಈ ಕಥೆ.

ಕೆಲಸ ಸಿಕ್ಕಿದ್ದು ಧ್ವನಿಯಿಂದ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ನಿರೂಪಣೆ ಮಾಡ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮಂಡಿ ಸಾಹುಕಾರರು ಕಾರ್ಯಕ್ರಮ ಮುಗಿದ ಮೇಲೆ ಬಂದು, "ಏನು ಸ್ಪಷ್ಟ ಐತಮ್ಮ ನಿನ್ನ ಮಾತು! ನಮ್ಮ ಮಂಡಿಯಾಗೆ ಮೈಕಿನಾಗೆ ಕೂಗಾಕೆ ಬರ್ತೀಯೇನು?" ಅಂದರು. ಅವರಲ್ಲಿ ಮೊದಲು ಕೂಗ್ತಿದ್ದವರು ವಯಸ್ಸಾಗಿ ಬಿಟ್ಟಿದ್ದರಂತೆ. ಅಲ್ಲಿ ತನಕ ನನ್ನ ದಿನಗಳೆಲ್ಲ ಅಕ್ಕನ ಮನೆ ಹಜಾರದ ಮೂಲೆಯಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಳೀತಿದ್ದವು. ಭಾವ ಒಳ್ಳೆಯವರೇ. ಆದರೂ ಮನೆಗೆ ನೆಂಟರು ಬಂದಾಗಲೆಲ್ಲ ಆ ಕುರ್ಚಿ ಜೊತೆ ನನ್ನನ್ನೂ ಒಳಗಿನ ಕೋಣೆಗೆ ಸಾಗಿಸ್ತಿದ್ದರು. ಬರ್ತೀನಿ ಅಂದೆ, ಸಂಬಳ ಎಷ್ಟು ಅಂತಲೂ ಕೇಳಲಿಲ್ಲ.

ಕೆಲಸ ಇಷ್ಟು. ಬೆಳೆಗಾರರು ಅಡಿಕೆ ತಂದು ಮಂಡಿಯಲ್ಲಿ ರಾಶಿ ಹಾಕ್ತಾರೆ. ಒಂದೊಂದು ರಾಶಿಗೆ ಒಂದು ಲಾಟ್ ನಂಬರು, ಬೆಳೆಗಾರರ ಕೈಗೆ ಆ ನಂಬರಿನ ಒಂದು ಚೀಟಿ. ಖರೀದಿದಾರರು ಸುತ್ತಾಡಿ, ಅಡಿಕೆ ಒಡೆದು ನೋಡಿ ಟೆಂಡರ್ ಹಾಕ್ತಾರೆ. ಗುಮಾಸ್ತರು ಅದನ್ನೆಲ್ಲ ಕಂಪ್ಯೂಟರಿಗೆ ತುಂಬಿ, ಬಂದ ರೇಟನ್ನ ಬೆಳೆಗಾರರಿಗೆ ತಿಳಿಸ್ತಾರೆ. ಮಧ್ಯಾಹ್ನ ನಾನು ಮೈಕಿನಲ್ಲಿ ಲಾಟ್ ನಂಬರು, ಬೆಳೆಗಾರರ ಹೆಸರು, ರೇಟು, ತಗೊಂಡವರ ಹೆಸರು ಕೂಗಬೇಕು. ಮೈಕಿನಲ್ಲಿ ಬಂತು ಅಂದರೆ ವ್ಯಾಪಾರ ಮುಗೀತು. ಹಮಾಲರು ಮೂಟೆ ಎತ್ತೋಕೆ ಶುರು ಮಾಡ್ತಾರೆ.

ಆ ಮಂಡಿಯ ಪ್ರೋಗ್ರಾಮ್ ಹಳೇದು. ಕರಿ ಪರದೆ, ಅದರ ತುಂಬ ಬರೀ ಅಕ್ಷರದ ಸಾಲುಗಳು. ಚಿತ್ರ ಇಲ್ಲ, ಮೌಸ್ ಇಲ್ಲ. ಬಂದವರೆಲ್ಲ "ಇದೇನ್ರೀ, ಅಜ್ಜನ ಕಾಲದ್ದು" ಅಂತ ನಗ್ತಿದ್ದರು. ನನಗೆ ಮಾತ್ರ ಅದು ಸ್ವರ್ಗ. ಪರದೆ ಮೇಲಿನದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಅಂತ ಒಂದು ಸಾಫ್ಟ್‌ವೇರ್ ನಾನು ಬಳಸ್ತೀನಿ. ಫೋನಿನ ಹೊಸ ಆ್ಯಪ್‌ಗಳಲ್ಲಿ ಅದು "ಬಟನ್, ಬಟನ್, ಹೆಸರಿಲ್ಲದ ಬಟನ್" ಅಂತ ಒದರಿ ನನ್ನ ತಲೆ ತಿನ್ನುತ್ತೆ. ಇಲ್ಲಿ ಹಾಗಲ್ಲ. ಬಾಣದ ಗುರುತಿನ ಕೀ ಒತ್ತಿದರೆ ಒಂದು ಸಾಲು, ಮತ್ತೆ ಒತ್ತಿದರೆ ಇನ್ನೊಂದು ಸಾಲು. ಇಂಗ್ಲಿಷ್ ಅಕ್ಷರದಲ್ಲಿರೋ ನಮ್ಮ ಹೆಸರುಗಳನ್ನ ಯಾವನೋ ಬಿಳಿ ದೊರೆ ಓದಿದ ಹಾಗೆ ಓದುತ್ತೆ, ನಾನು ಸರಿ ಮಾಡಿ ಕೂಗ್ತೀನಿ. ಒಂದು ಕಿವಿಯಲ್ಲಿ ಇಯರ್‌ಫೋನು, ಎದುರಿಗೆ ಮೈಕು. ಎಷ್ಟು ಜಂಬ ಪಡ್ತಿದ್ದೆ ಅಂದರೆ, ಅಕ್ಕ "ಸಾಕು ಮಾರಾಯ್ತಿ, ಊಟ ಮಾಡು" ಅನ್ನೋ ತನಕ ಮಂಡಿ ಸುದ್ದಿಯೇ.

ಈಗ ಆ ಮಂಡಿಯ ಒಂದು ರೂಢಿ ಹೇಳಬೇಕು. ಅಲ್ಲಿ "ಕೊಡಲ್ಲ" ಅನ್ನೋ ಮಾತನ್ನ ಯಾರೂ ಬಾಯಿಬಿಟ್ಟು ಆಡಲ್ಲ. ರಾಶಿ ಮುಂದೆ ನಿಂತು ಇಲ್ಲ ಅಂದರೆ ಲಕ್ಷ್ಮಿ ಮುನಿಸ್ಕೊಳ್ತಾಳೆ ಅಂತ ನಂಬಿಕೆ, ಜೊತೆಗೆ ಖರೀದಿದಾರನ ಮುಖಕ್ಕೆ ಹೊಡೆದ ಹಾಗೂ ಆಗಬಾರದು. ರೇಟು ಸಾಲದು ಅನ್ನಿಸಿದ ಬೆಳೆಗಾರ ಗುಮಾಸ್ತರ ಮೇಜಿನ ಮೇಲೆ ತನ್ನ ಚೀಟಿಯನ್ನ ಬೋರಲು ಇಟ್ಟು, ಏನೂ ಆಗದವನ ಹಾಗೆ ಟೀ ಕುಡಿಯೋಕೆ ಹೋಗ್ತಾನೆ. ಗುಮಾಸ್ತರು ಒಂದು ಕೀ ಒತ್ತುತ್ತಾರೆ, ಪರದೆಯಲ್ಲಿ ಆ ಸಾಲು ಕೆಂಪಾಗುತ್ತೆ. ಕೂಗೋರು ಕೆಂಪು ಸಾಲು ಬಿಟ್ಟು ಮುಂದಿನದು ಕೂಗ್ತಾರೆ, ಅಡಿಕೆ ಮುಂದಿನ ಟೆಂಡರಿಗೆ ಉಳಿಯುತ್ತೆ. ಸಾಹುಕಾರರಂತೂ ಈ ರೂಢಿಯನ್ನ ಮಂಡಿಯಿಂದ ಮನೆ ತನಕ ಒಯ್ದವರು. ಚಂದಾ ಕೇಳೋಕೆ ಬಂದವರಿಗೂ, ಕೆಲಸ ಕೇಳೋಕೆ ಬಂದವರಿಗೂ ಅವರು ಇಲ್ಲ ಅಂದಿದ್ದನ್ನ ಯಾರೂ ಕೇಳಿಲ್ಲ. "ನೋಡೋಣಂತೆ, ಟೀ ಕುಡೀರಿ" ಅಷ್ಟೇ.

ಇದ್ಯಾವುದನ್ನೂ ನನಗೆ ಯಾರೂ ಹೇಳಿರಲಿಲ್ಲ. ಕಣ್ಣಿದ್ದವರಿಗೆ ಅದು ಹೇಳೋ ವಿಷಯವೇ ಅಲ್ಲವಲ್ಲ. ನಾನು ಸೇರಿದಾಗ ರೇಟು ಏರ್ತಾ ಇತ್ತು, ಎಲ್ಲರೂ ನಗ್‌ನಗ್ತಾ ಕೊಡ್ತಿದ್ದರು, ಚೀಟಿ ಬೋರಲು ಹಾಕೋರೇ ಇರಲಿಲ್ಲ. ಯುಗಾದಿ ಕಳೆದ ಮೇಲೆ ರೇಟು ಇಳಿಯೋಕೆ ಶುರುವಾಯ್ತು. ನನ್ನ ಪರದೆಯಲ್ಲಿ ಕೆಂಪು ಬಂತು, ಕಿವಿಯಲ್ಲಿ ಬರಲಿಲ್ಲ.

ಬಸವಾಪಟ್ಟಣದ ಕಡೆಯಿಂದ ಒಬ್ಬ ಅಜ್ಜಿ ತನ್ನ ವರ್ಷದ ಅಡಿಕೆ ತಂದಿದ್ದಳು. ನಾನು ಅವಳ ಲಾಟು ಕೂಗಿದೆ. ಕೂಗಿ ಮುಂದಿನ ಸಾಲಿಗೆ ಹೋಗೋಷ್ಟರಲ್ಲಿ ಅಂಗಳದಿಂದ, "ಯವ್ವಾ! ನಾನು ಬೋರಲು ಹಾಕೀನಲ್ಲೇ!" ಅಂತ ಒಂದು ಕೂಗು. ನನಗೆ ತಲೆಬುಡ ಗೊತ್ತಾಗಲಿಲ್ಲ. ಹಮಾಲರು ಮೂಟೆ ಎಳೆಯೋ ಸದ್ದು, ಅಜ್ಜಿ ಅಡ್ಡ ನಿಂತು ಬೈಯೋ ಸದ್ದು. ಖರೀದಿದಾರನದು ಒಂದೇ ಮಾತು: "ಮೈಕಿನಾಗೆ ಬಂದೈತಲ್ಲಜ್ಜಿ. ಇನ್ನೇನು ಮಾಡಾಕೆ ಆಗ್ತೈತೆ?" ಅವನು ಬಿಟ್ಟುಕೊಡಲಿಲ್ಲ, ಅವಳು ಬೇಡ ಅಂದ ರೇಟಿಗೇ ಅಡಿಕೆ ಹೋಯಿತು. ಆಮೇಲೆ ಅಜ್ಜಿ ನನ್ನ ಮೇಜಿನ ಹತ್ರ ಬಂದಳು. ಎಲೆ ಅಡಿಕೆ ವಾಸನೆ, ಏದುಸಿರು. ಬಾಯಿಗೆ ಬಂದಂಗೆ ಬೈತಾಳೆ ಅಂತ ಕಾದೆ. ಅವಳು, "ಹೋಗ್ಲಿ ಬಿಡು. ಕಣ್ಣಿಲ್ಲದಾಕೆ ಜತೆ ಎಂಥ ಜಗಳ" ಅಂತ ಹೊರಟುಹೋದಳು.

ಆ ಮಾತಿಗಿಂತ ಅವಳು ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಗುಮಾಸ್ತರನ್ನ ಕೇಳಿದೆ, "ಬೋರಲು ಅಂದ್ರೇನ್ರೀ? ಏನಾಯ್ತು ಈಗ?" ಅವರು ಎಷ್ಟು ಸಹಜವಾಗಿ ಹೇಳಿದರು ಗೊತ್ತಾ: "ಕೆಂಪಿತ್ತಲ್ಲ ಮೇಡಂ." ಕೆಂಪಿತ್ತಂತೆ! ಇಷ್ಟು ದಿನ ಪಕ್ಕದಲ್ಲೇ ಕೂತು, ನನ್ನ ಡಬ್ಬಿಯ ಚಟ್ನಿ ತಿಂದು, ಇವಳಿಗೆ ಕೆಂಪು ಕಾಣಲ್ಲ ಅನ್ನೋದು ಈ ಮನುಷ್ಯನ ತಲೆಗೆ ಹೊಳೆದೇ ಇಲ್ಲ. ಸಾಹುಕಾರರ ಹತ್ರ ಹೋದೆ. ಅವರೂ ಬೈಯಲಿಲ್ಲ. "ಆಯ್ತು ಬಿಡಮ್ಮ, ಟೀ ಕುಡಿ" ಅಂದರು. ಟೀ ಮುಟ್ಟದೆ ಎದ್ದು ಬಂದೆ. ಇನ್ನೊಂದು ಸಲ ಹಿಂಗಾದರೆ ನನ್ನ ಕೆಲಸ ಮುಗೀತು, ಮತ್ತೆ ಅದೇ ಪ್ಲಾಸ್ಟಿಕ್ ಕುರ್ಚಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಮಾಡಿದ ಉಪಾಯ, ಕೆಂಪು ಸಾಲು ಬಂದಾಗ ಗುಮಾಸ್ತರು ಪೆನ್ನಿನಿಂದ ಮೇಜು ಕುಟ್ಟೋದು. ಅಯ್ಯೋ ಶಿವನೇ, ಅದರ ಕಥೆ ಕೇಳಬೇಡಿ. ಅವರಿಗೆ ಫೋನ್ ಬಂದರೆ ಕುಟ್ಟೋದು ಮರೆತುಹೋಗುತ್ತೆ, ಪರಿಚಯದವರು ಬಂದರೆ ಕುರ್ಚಿ ಬಿಟ್ಟು ಎದ್ದೇ ಹೋಗ್ತಾರೆ. ಒಂದಿನ ಸೊಳ್ಳೆ ಹೊಡೆಯೋಕೆ ಮೇಜಿಗೆ ಬಡಿದರು, ನಾನು ಸಂತೇಬೆನ್ನೂರಿನ ಒಬ್ಬರ ಒಳ್ಳೇ ಲಾಟನ್ನ ಬಿಟ್ಟು ಮುಂದೆ ಹೋದೆ. ಅವರು ಓಡಿ ಬಂದು, "ನಂದು ಕೂಗಲೇ ಇಲ್ಲಲ್ರೀ!" ಅಂತ ಗಲಾಟೆ. ಅದನ್ನ ಮತ್ತೆ ಕೂಗಿ ಸರಿ ಮಾಡಿದೆ. ಗುಮಾಸ್ತರು "ಸೊಳ್ಳೆ ಮೇಡಂ" ಅಂದರು. ಸಾಕಪ್ಪಾ ಸಾಕು ಅನ್ನಿಸಿತು.

ತಿಂಗಳಿಗೊಮ್ಮೆ ದಾವಣಗೆರೆಯಿಂದ ಸಾಫ್ಟ್‌ವೇರಿನವರು ಬರ್ತಿದ್ದರು. ಕಾದು ಕೂತು ಅವರನ್ನ ಹಿಡಿದೆ. "ಕೆಂಪು ಸಾಲಿನ ಮುಂದೆ ಒಂದು ಅಕ್ಷರ ಹಾಕಿಕೊಡ್ರಿ. ಒಂದೇ ಒಂದು, ಚುಕ್ಕಿಯಾದರೂ ಸರಿ."

"ಅದು ಕೆಂಪಿರ್ತದಲ್ಲ ಮೇಡಂ, ಗೊತ್ತಾಗ್ತದೆ."

"ನನಗೆ ಗೊತ್ತಾಗಲ್ಲ ಅಂತಾನೇ ಕೇಳ್ತಿರೋದು."

"ಸಾಲಿನಾಗೆ ಜಾಗ ಇಲ್ಲ ಮೇಡಂ. ಇದನ್ನ ಬರೆದೋರು ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತು. ನಾನು ಬರೀ ಬ್ಯಾಕಪ್ ತಗೊಳ್ಳಾಕೆ ಬರೋನು." ಆಮೇಲೆ ನಾನಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಗುಮಾಸ್ತರ ಕಡೆ ತಿರುಗಿ, "ಇವರಿಗೆ ಪೂರ್ತಿನೇ ಕಾಣಲ್ವಾ?" ಅಂದರು. ನಾನು ಹಲ್ಲು ಕಚ್ಚಿಕೊಂಡು, "ಕಾಣಲ್ಲ, ಕೇಳ್ತದೆ" ಅಂದೆ.

ಅವತ್ತು ಮನೆಗೆ ಬಂದು, ಕಣ್ಣು ಕಾಣದವರದೇ ಒಂದು ಫೋನ್ ಗ್ರೂಪಿನಲ್ಲಿ ನನ್ನ ಗೋಳನ್ನೆಲ್ಲ ಕಕ್ಕಿದೆ. ಎಲ್ಲರೂ "ಪಾಪ", "ಸಮಾಧಾನ ಮಾಡ್ಕೊಳ್ಳಿ" ಅಂದರು. ಒಬ್ಬರು ಮಾತ್ರ ನೇರ ಫೋನ್ ಮಾಡಿದರು. ಅವರು ಸೊಕ್ಕೆಯವರು, ಜಗಳೂರಿನ ಒಂದು ಶಾಲೆಯಲ್ಲಿ ಮೇಷ್ಟ್ರು, ಅವರಿಗೂ ನನ್ನ ಹಾಗೇ ದೃಷ್ಟಿಯಿಲ್ಲ. ಸಿಟ್ಟಿನಲ್ಲಿ ನನ್ನನ್ನ ಮೀರಿಸಿದವರು. "ಅಳೋದು ನಿಲ್ಲಿಸಮ್ಮ ಮೊದಲು! ನಿಮ್ಮ ಮಂಡಿ ಪ್ರೋಗ್ರಾಮಿನ ಆ ಕರಿ ಕಿಟಕಿಯಾಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ಐತೆ. ಮನೆಯಾಗೆ ಎರಡು ಇರ್ತಾವೆ. ಅಕ್ಷರ ಒಂದು, ಅದರ ಬಣ್ಣದ ನಂಬರು ಒಂದು. ನಿನ್ನ ಓದೋ ಮಿಷನ್ನು ಬಾಗಿಲಿಗೆ ಹೋಗಿ ಅಕ್ಷರ ಯಾವುದು ಅಂತ ಕೇಳಿ ವಾಪಸ್ ಬರ್ತೈತೆ, ಬಣ್ಣ ಕೇಳೋದೇ ಇಲ್ಲ. ಕೇಳಿದ್ರೆ ಕಿಟಕಿ ಹೇಳ್ತೈತೆ. ಕೇಳೋ ಹಂಗೆ ಮಾಡೋಣ, ಭಾನುವಾರ ಬಾ."

ಅಬ್ಬಾ, ಕೊನೆಗೂ ಒಬ್ಬರು ನನ್ನನ್ನ ಬೈದರು! ಖುಷಿಯಾಯ್ತು. ಅದರ ಹಿಂದೆಯೇ ಇನ್ನೂ ಸಿಟ್ಟು ಬಂತು. ಅಂದರೆ ಆ ಕೆಂಪು ಅಷ್ಟು ದಿನವೂ ಅಲ್ಲೇ, ಅಕ್ಷರದ ಮಗ್ಗುಲಲ್ಲೇ ಕೂತಿತ್ತು. ನಾನು ಅದರ ಪಕ್ಕದಲ್ಲೇ ಹಾದು ಹಾದು ಆ ಅಜ್ಜಿಯ ಅಡಿಕೆ ಮಾರಿಬಿಟ್ಟಿದ್ದೆ.

ಭಾನುವಾರ ಲ್ಯಾಪ್‌ಟಾಪು ಹೊತ್ತುಕೊಂಡು ದಾವಣಗೆರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಜಗಳೂರಿಗೆ. ಪಕ್ಕದ ಸೀಟಿನ ಹೆಂಗಸು ಬಸ್ಸು ಹೊರಡೋದೇ ತಡ ಶುರು ಮಾಡಿದಳು. ಹುಟ್ಟಿದಾಗಿಂದಾನಾ? ಮದುವೆ ಆಗೈತಾ? ಅಡುಗೆ ಹೆಂಗೆ ಮಾಡ್ತೀಯ? ಮೊದಲೆರಡಕ್ಕೆ ಉತ್ತರ ಕೊಟ್ಟೆ, ಮೂರನೇದಕ್ಕೆ "ಒಲೆ ಹಚ್ಚಿ ಮಾಡ್ತೀನಿ" ಅಂದೆ.

ಮೇಷ್ಟ್ರ ಮನೆಯಲ್ಲಿ ನಾವಿಬ್ಬರೂ ಒಂದು ಚಾಪೆ ಮೇಲೆ, ಮಧ್ಯೆ ಲ್ಯಾಪ್‌ಟಾಪು. ಮಂಡಿ ಪ್ರೋಗ್ರಾಮಿನ ಒಂದು ನಕಲನ್ನ ನಾನು ಸಾಹುಕಾರರನ್ನ ಕೇಳಿಯೇ ತಂದಿದ್ದೆ. ಸ್ಕ್ರೀನ್ ರೀಡರಿಗೆ ಜೋಡಿಸೋ ಪುಟ್ಟ ಪ್ರೋಗ್ರಾಮನ್ನ ಮೇಷ್ಟ್ರು ಬಾಯಲ್ಲಿ ಗೊಣಗ್ತಾ ಬರೆದರು. ಮೊದಲ ಸಲ ಮಿಷನ್ನು ಬಾಯಿಬಿಟ್ಟಿದ್ದು ಹೆಂಗೆ ಅಂದರೆ, "ಕೆಂಪು ಆರ್, ಕೆಂಪು ಎ, ಕೆಂಪು ಎಂ, ಕೆಂಪು ಖಾಲಿ, ಕೆಂಪು ಖಾಲಿ." ಅಕ್ಷರ ಅಕ್ಷರಕ್ಕೂ ಬಣ್ಣ, ಖಾಲಿ ಜಾಗಕ್ಕೂ ಬಣ್ಣ. ಒಂದು ಸಾಲು ಮುಗಿಯೋಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದುಹೋಯ್ತು. ಅದನ್ನ ತಿದ್ದಿದರೆ ಮಿಷನ್ನು ಪೂರ್ತಿ ಮೂಕ. ಅವರು ನನ್ನ ಮೇಲೆ ರೇಗಿದರು, ನಾನು ಅವರ ಮೇಲೆ ರೇಗಿದೆ. ಅವರ ಮನೆಯವರು ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟು, "ತಿಂದು ಜಗಳ ಆಡ್ರಿ" ಅಂದರು. ಸಂಜೆ ಹೊತ್ತಿಗೆ ಅಂತೂ ದಾರಿಗೆ ಬಂತು. ಸಾಲು ಬಿಳಿಯಿದ್ದರೆ ಬಣ್ಣ ಹೇಳೋದೇ ಬೇಡ, ಸುಮ್ಮನೆ ಓದಲಿ. ಬೇರೆ ಬಣ್ಣ ಇದ್ದರೆ ಸಾಲಿನ ಮೊದಲಿಗೆ ಒಂದೇ ಸಲ ಹೇಳಲಿ ಅಂತ ಮಾಡಿದೆವು. ಮೇಷ್ಟ್ರು ಎಲ್ಲಾ ಬಣ್ಣಗಳ ಹೆಸರನ್ನೂ ತುಂಬಿಸಿದರು. ನನಗೆ ಕೆಂಪೊಂದು ಸಾಕು ಅಂದರೆ, "ಇರ್ಲಿ ತಗೊ, ಅವೇನು ಅನ್ನ ಕೇಳ್ತಾವಾ?" ಅಂದರು.

ಮಾರನೇ ದಿನ ಎಲ್ಲರಿಗಿಂತ ಮೊದಲೇ ಮಂಡಿಗೆ ಹೋಗಿ, ಆ ಪುಟ್ಟ ಪ್ರೋಗ್ರಾಮನ್ನ ಅಲ್ಲಿನ ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಗುಮಾಸ್ತರು ಬಂದ ಕೂಡಲೇ ಹಳೇ ಟೆಂಡರಿನ ಪುಟ ತೆಗೆಸಿ, ಒಂದೊಂದೇ ಸಾಲು ಇಳೀತಾ, "ಇದು ಕೆಂಪಾ?" "ಹ್ಞೂಂ." "ಇದು?" "ಬಿಳಿ." ಒಂದೂ ತಪ್ಪಲಿಲ್ಲ. "ಭಾರಿ ಆತಲ್ಲ ಮೇಡಂ!" ಅಂದರು. ಚಪ್ಪಾಳೆ ಹೊಡೆಯೋದೊಂದು ಬಾಕಿ ನನಗೆ. ಗುಮಾಸ್ತರು ಟೆಂಡರ್ ತುಂಬೋಕೆ ಪಕ್ಕದ ಕಂಪ್ಯೂಟರಿಗೆ ಹೋದರು. ನನಗೆ ಕೈ ಸುಮ್ಮನಿರಬೇಕಲ್ಲ, ಆ ಪ್ರೋಗ್ರಾಮಿನ ಎಲ್ಲಾ ಪುಟಗಳನ್ನೂ ತೆಗೆದು ತೆಗೆದು ಬಣ್ಣ ಕೇಳೋಕೆ ಶುರು ಮಾಡಿದೆ. ತೂಕದ ಪುಟ ಹಸಿರು. ಗೋಡೌನಿನ ಪುಟದಲ್ಲಿ ಹಳದಿ. ಹಳದಿ ಅಂತ ಕೇಳಿ ಎಷ್ಟು ವರ್ಷ ಆಗಿತ್ತೋ, ಎರಡು ಸಲ ಓದಿಸಿದೆ. ಆಮೇಲೆ ಕೆಲಸದವರ ಹೆಸರಿನ ಪುಟ ತೆಗೆದೆ. ಗುಮಾಸ್ತರ ಹೆಸರು, ಬಣ್ಣ ಇಲ್ಲ, ಅಂದರೆ ಬಿಳಿ. ಹಮಾಲರ ಹೆಸರುಗಳು, ಬಿಳಿ. ಅದರ ಕೆಳಗೆ ಮಿಷನ್ನು, "ಬೂದಿ ಬಣ್ಣ" ಅಂತ ಹೇಳಿ ನನ್ನ ಹೆಸರು ಓದಿತು.

ಮತ್ತೆ ಒತ್ತಿದೆ. ಬೂದಿ ಬಣ್ಣ, ನನ್ನ ಹೆಸರು. ಕೆಳಗಿನ ಸಾಲಿಗೆ ಹೋದೆ. ಬೂದಿ ಬಣ್ಣ, ನನಗಿಂತ ಮೊದಲು ಕೂಗ್ತಿದ್ದವರ ಹೆಸರು. ಇನ್ನೊಂದು ಸಾಲು. ಬೂದಿ ಬಣ್ಣ, ಹೋದ ವರ್ಷ ಕೆಲಸ ಬಿಟ್ಟ ವಾಚ್‌ಮನ್ ಹೆಸರು.

"ಬೂದಿ ಬಣ್ಣ ಅಂದ್ರೆ ಏನ್ರೀ?" ಅಂದೆ. ಪಕ್ಕದಲ್ಲಿ ಕೀಬೋರ್ಡಿನ ಸದ್ದು ನಿಂತಿತು.

"ಅದಾ... ಅದು ಹಂಗೇ ಬಂದಿರ್ತೈತೆ ಮೇಡಂ."

"ಬಿಟ್ಟು ಹೋದವರಿಗೆ ಹಾಕ್ತೀರ, ಅಲ್ವಾ? ನನ್ನ ಹೆಸರಿಗೆ ಯಾವಾಗ ಹಾಕಿದ್ರಿ?"

ಗುಮಾಸ್ತರು ದನಿ ತಗ್ಗಿಸಿ ಹೇಳಿದರು: "ಆ ಅಜ್ಜಿ ಗಲಾಟೆ ಆತಲ್ಲ, ಅದರ ಮಾರನೇ ದಿನ. ಹೊಸಬರು ಸಿಗೋ ತನಕ ಇರ್ಲಿ ಅಂದಿದ್ರು ಸಾಹುಕಾರ್ರು. ಒಂದನೇ ತಾರೀಕಿಂದ ಒಬ್ಬರು ಬರ್ತಾರೆ."

ಮೇಜು ಕುಟ್ಟುವಾಗ ಈ ಮನುಷ್ಯನಿಗೆ ಗೊತ್ತಿತ್ತು. ನಾನು ಸಾಫ್ಟ್‌ವೇರಿನವರ ಹತ್ರ ಗೋಗರೆಯುವಾಗ, ಬೆಳಿಗ್ಗೆ "ಭಾರಿ ಆತು" ಅನ್ನುವಾಗಲೂ ಗೊತ್ತಿತ್ತು. ಆ ಪರದೆ ಮುಂದೆ ಹಾದುಹೋದ ಹಮಾಲರಿಗೂ ಗೊತ್ತಿದ್ದಿರಬೇಕು. ಮಂಡಿಗೆ ಮಂಡಿಯೇ ನನ್ನ ಚೀಟಿ ಬೋರಲು ಹಾಕಿತ್ತು, ನಾನೊಬ್ಬಳೇ ದಿನಾ ತಲೆ ಬಾಚಿಕೊಂಡು, ಡಬ್ಬಿ ಕಟ್ಟಿಕೊಂಡು ಬರ್ತಿದ್ದೆ. ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ ಬಂದ ನೀರು ಅದು, ಯಾರೂ ಪಾಪ ಅನ್ನೋದು ಬೇಡ.

ಎದ್ದು ಸಾಹುಕಾರರ ಕೋಣೆಗೆ ಹೋದೆ. ಗುಮಾಸ್ತರು ಹಿಂದೆಯೇ ಬಂದರು. "ಬಾ ತಾಯಿ, ಕೂತ್ಕೋ. ಏಯ್, ಟೀ ತರ್ಸೋ" ಅಂದರು ಸಾಹುಕಾರರು.

"ಟೀ ಬ್ಯಾಡ್ರಿ. ನನ್ನ ಹೆಸರು ಬೂದಿ ಬಣ್ಣ ಆಗೈತಂತೆ."

"ಯಾರು ಹೇಳಿದ್ದು?"

"ನನ್ನ ಮಿಷನ್ನು ಹೇಳ್ತು. ಇವತ್ತಿಂದ ಅದಕ್ಕೆ ಬಣ್ಣ ಗೊತ್ತಾಗ್ತದೆ. ಕೆಂಪೂ ಗೊತ್ತಾಗ್ತದೆ, ಇನ್ನು ತಪ್ಪಾಗಲ್ಲ. ಅಷ್ಟಾದ್ರೂ ನಾನು ಬ್ಯಾಡ ಅಂದ್ರೆ ಬ್ಯಾಡ ಅಂತ ಹೇಳಿಬಿಡ್ರಿ ಸಾಹುಕಾರ್ರೇ. ಬಾಯಿಬಿಟ್ಟು ಹೇಳ್ರಿ. ಈಗಲೇ ಎದ್ದು ಹೋಗ್ತೀನಿ, ಒಂದು ಮಾತು ಆಡಲ್ಲ."

"ಹಂಗೆಲ್ಲ ಯಾಕಮ್ಮ... ನೋಡೋಣಂತೆ..."

"ನೋಡಾಕೆ ನನಗೆ ಆಗಲ್ಲ. ಹೇಳ್ರಿ."

ಅವರ ಉಂಗುರ ಮೇಜಿನ ಗಾಜಿಗೆ ತಾಗಿ ಟಿಕ್ ಟಿಕ್ ಅಂತಿತ್ತು. ಒಂದು ಸಲ ಕೆಮ್ಮಿದರು, ಗಂಟಲು ಸರಿ ಮಾಡಿಕೊಂಡರು. ಈಗ ಬರುತ್ತೆ ಆ ಮಾತು ಅಂತ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದು ನಿಂತೆ. ಬರಲಿಲ್ಲ. ಹೊರಗೆ ಯಾರೋ ಮೂಟೆ ಇಳಿಸಿದರು, ಟೀ ಬಂತು, ಲೋಟ ಇಟ್ಟು ಹೋದರು, ಆದರೂ ಬರಲಿಲ್ಲ. ಕೊನೆಗೆ ಸಾಹುಕಾರರು ನನಗಲ್ಲ, ಗುಮಾಸ್ತರಿಗೆ ಹೇಳಿದರು: "ಏಯ್, ಅದನ್ನ ಬಿಳಿ ಮಾಡೋ. ಆ ಹೊಸದಾಗಿ ಬರೋರನ್ನ ತೂಕದ ಕಡೆ ಹಾಕಿದ್ರಾತು."

ಗುಮಾಸ್ತರ ಜೊತೆ ವಾಪಸ್ ಬಂದು ಕೂತೆ. ಅವರು ಕೀ ಒತ್ತಿದರು. ನಾನು ಸಾಲಿನ ಮೇಲೆ ಹೋದೆ. ಮಿಷನ್ನು ಬಣ್ಣ ಏನೂ ಹೇಳದೆ ಬರೀ ನನ್ನ ಹೆಸರು ಓದಿತು.

ಖುಷಿ ಆಗಬೇಕಿತ್ತು, ಆಗಲಿಲ್ಲ. ಎರಡು ಊರಿನ ಬಸ್ಸು ಹತ್ತಿ ಇಳಿದು, ಜಗಳ ಆಡಿ ಮಾಡಿಸಿದ ಕೆಲಸ ಅದು. ಅದನ್ನ ಒಂದು ಸಲ ಪರೀಕ್ಷೆ ಕೂಡ ಮಾಡಿ ನೋಡದೆ ನನ್ನನ್ನ ಉಳಿಸಿಕೊಂಡರು. ನನ್ನ ಕೆಲಸದ ಮೇಲೆ ನಂಬಿಕೆ ಬಂದು ಅಲ್ಲ, ಎದುರಿಗೆ ನಿಂತವಳಿಗೆ ಇಲ್ಲ ಅನ್ನೋಕೆ ಬಾಯಿ ಬರದೆ. ಮಧ್ಯಾಹ್ನ ಮೈಕ್ ಹಾಕಿದೆ. ಅವತ್ತು ಬಹಳ ಕೆಂಪಿತ್ತು, ಒಂದನ್ನೂ ಕೂಗಲಿಲ್ಲ. ಸರಿಯಾಗಿ ಕೂಗಿದೆ ಅಂತ ಯಾರೂ ಹೇಳಲೂ ಇಲ್ಲ.

ಈಗಲೂ ಅಲ್ಲೇ ಇದ್ದೀನಿ. ಬೆಳಿಗ್ಗೆ ಹೋಗಿ ಕೂತ ತಕ್ಷಣ ಲಾಟುಗಳ ಪುಟ ತೆಗೆಯಲ್ಲ. ಮೊದಲು ಹೆಸರುಗಳ ಪುಟ ತೆಗೆದು ನನ್ನ ಸಾಲಿಗೆ ಹೋಗ್ತೀನಿ, ಮಿಷನ್ನು ಬಾಯಿಬಿಡೋ ತನಕ ಉಸಿರು ಬಿಗಿ ಹಿಡಿದು ಕೂತಿರ್ತೀನಿ.